ಬಾಗಿಲು ತಿರುಗಿಸಿದ ಮನೆ

ಮುದುಕನನ್ನು ಮಣ್ಣು ಮಾಡಿ ಬಂದ ದಿನವೇ ಆ ಸಂಸಾರ ಮನೆ ಬಿಟ್ಟಿತು. ಮಣ್ಣಿಗೆ ನಾನೂ ಹೋಗಿದ್ದೆ. ಎಲ್ಲರ ಜೊತೆ ಒಂದು ಹಿಡಿ ಹಾಕಿ, ಮಧ್ಯಾಹ್ನದ ಬಸ್ಸಿಗೆ ಕೋಲಾರಕ್ಕೆ ವಾಪಸಾಗಿದ್ದೆ. ಮಾರನೆಯ ಬೆಳಿಗ್ಗೆ ಮತ್ತೆ ಶ್ರೀನಿವಾಸಪುರದಲ್ಲಿ ಇಳಿದು ಕಾಲೋನಿ ಕಡೆ ನಡೆಯುವಾಗ ನೋಡುತ್ತೇನೆ, ಮಾವಿನ ಮಂಡಿಯ ಬೇಲಿಗೆ ನೀಲಿ ಟಾರ್ಪಾಲು ಕಟ್ಟಿದೆ. ಮುಂದೆ ಮೂರು ಕಲ್ಲಿನ ಒಲೆ. ಒಲೆಯ ಮುಂದೆ ಅವಳು.

ಅವಳ ಹೆಸರು ಇಲ್ಲಿ ಬೇಡ. ಬಾಚಣಿಗೆ, ಪಿನ್ನು, ರಬ್ಬರ್ ಬ್ಯಾಂಡು ಕುಕ್ಕೆಗೆ ತುಂಬಿಕೊಂಡು ಹಳ್ಳಿ ತಿರುಗುವವಳು. ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲು ಕೊಟ್ಟರೆ ಬದಲಿಗೆ ಸಾಮಾನು ಕೊಡುತ್ತಾಳೆ. ಕಾಲೋನಿಯಲ್ಲಿ ಎಲ್ಲರೂ ಬಾಚಣಿಗೆಯವಳು ಅನ್ನುತ್ತಾರೆ, ನಾನೂ ಹಾಗೇ ಹೇಳುತ್ತೇನೆ. ಹುಟ್ಟಿದ್ದು ಗುಡಾರದಲ್ಲಿ, ಮದುವೆಯಾಗಿದ್ದು ಗುಡಾರದ ಮುಂದೆ, ಮಕ್ಕಳನ್ನು ಹೆತ್ತಿದ್ದು ಇದೇ ಮಂಡಿ ಬೇಲಿಯ ಪಕ್ಕ. ಆ ಟಾರ್ಪಾಲು ಮಡಿಸಿಡುವಂತೆ ಮಾಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಅದನ್ನು ಮತ್ತೆ ಬಿಚ್ಚಿ ಕಟ್ಟಿದ್ದು ನೋಡಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಏನೇ ಇದು?" ಅಂದೆ.

"ಮಾವ ಹೋದ್ನಲ್ಲಮ್ಮಾ" ಅಂದಳು, ಒಲೆಗೆ ಕಡ್ಡಿ ತುರುಕುತ್ತಾ.

"ಹೋದ. ಮಣ್ಣು ಹಾಕಿದ್ದೀನಿ ನಾನೂ. ಅವನು ಹೋದ್ರೆ ನೀವ್ಯಾಕೆ ಹೋದ್ರಿ?"

"ಒಳಗೆ ಸತ್ನಲ್ಲಾ. ಒಳಗೆ ಸತ್ರೆ ಆ ಗುಡಾರ ವೊದ್ದಮ್ಮಾ, ಬ್ಯಾಡ. ಕಿತ್ತಾಕಬೇಕು."

"ಅದೇನು ಗುಡಾರವೇನೇ? ಸಿಮೆಂಟಿನ ಮನೆ. ಹೆಂಗೆ ಕಿತ್ತಾಕ್ತೀಯ?"

ಹಿಂದೆ ಚಾಪೆ ಸುತ್ತುತ್ತಿದ್ದ ಅವಳ ಗಂಡ ತಲೆ ಎತ್ತಿದ. "ಅದಕ್ಕೇ ಅಮ್ಮಾ, ಮನೆ ಕೀಳೋಕಾಗಲ್ಲ ಅಂತ ನಾವೇ ಕಿತ್ಕೊಂಡು ಬಂದ್ವಿ."

ಮಾತಿಗೆ ಬಡತನವಿಲ್ಲ ಆ ಜನಕ್ಕೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ರಸ್ತೆ ಬದಿಯಲ್ಲೋ ಕೆರೆ ಅಂಗಳದಲ್ಲೋ ಇದ್ದವರಿಗೆ ಮನೆ ಕೊಡಿಸುವವರು ಬೇರೆ. ಬೀಗದ ಕೈ ಕೊಡುವ ದಿನ ಫೋಟೋಕ್ಕೆ ನಿಲ್ಲುವವರು ಬೇರೆ. ಮಾರನೆಯ ದಿನದಿಂದ ಹೋಗುವವಳು ನಾನು. ಅವರು ಆ ಮನೆಯಲ್ಲಿ ಉಳಿಯಬೇಕು, ಅಷ್ಟೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ಊರಿನಲ್ಲೂ ನಮ್ಮ ಸಂಸ್ಥೆ ನೋಡಿಕೊಳ್ಳುವ ಮನೆಗಳಿವೆ. ನನಗೆ ಬರುವ ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು, ಸಂಬಳಕ್ಕೆ ರುಜು ಹಾಕುವಷ್ಟು. ಈ ಕೆಲಸಕ್ಕೆ ಕಣ್ಣು ಬೇಕು. ಮನೆಗೆ ಹೋದ ತಕ್ಷಣ ಮೊದಲು ಒಲೆ ನೋಡುತ್ತೇನೆ. ಅಡುಗೆ ಒಳಗೇ ಆಗುತ್ತಿದೆಯೋ, ಅಂಗಳಕ್ಕೆ ಬಂದಿದೆಯೋ. ಅಂಗಳಕ್ಕೆ ಬಂದಿದ್ದರೆ ಮುಂದಿನ ಸಲ ಹೋಗುವಾಗ ಹಾಸಿಗೆಯೂ ಬಂದಿರುತ್ತದೆ. ಆಮೇಲೆ ಗೋಡೆಗೆ ಮೊಳೆ ಹೊಡೆದಿದ್ದಾರಾ ನೋಡುತ್ತೇನೆ. ಬಟ್ಟೆ ಗಂಟಿನಲ್ಲೇ ಇದ್ದರೆ ಅವರ ಮನಸ್ಸು ಇನ್ನೂ ರಸ್ತೆಯಲ್ಲಿದೆ. ಬಾಚಣಿಗೆಯವಳ ಮನೆಯಲ್ಲಿ ಗೋಡೆ ತುಂಬ ಮೊಳೆ ಹೊಡೆದಿದ್ದರು. ನಾನು ಧೈರ್ಯವಾಗಿದ್ದೆ.

ಈ ಮನೆಗಳಿಗೆ ಒಂದು ನಿಯಮ ಇದೆ. ವಾಸ ಮಾಡುವವರಿಗೇ ಮನೆ. ತಪಾಸಣೆಗೆ ಬಂದಾಗ ಬೀಗ ಕಂಡರೆ ರದ್ದು ಮಾಡಿ ಕಾಯುತ್ತಿರುವ ಬೇರೆಯವರಿಗೆ ಕೊಡುತ್ತಾರೆ. ನಿಯಮ ತಪ್ಪಲ್ಲ. ಕಾಯುತ್ತಿರುವವರೂ ಬೀದಿಯಲ್ಲೇ ಇರುವವರು. ಮಳೆಗಾಲದ ತಪಾಸಣೆ ಹತ್ತಿರದಲ್ಲಿತ್ತು. ಅದಕ್ಕಿಂತ ಹತ್ತಿರದಲ್ಲಿದ್ದದ್ದು ಅವಳ ದೊಡ್ಡ ಮಗಳ ಹೆರಿಗೆ. ಮದನಪಲ್ಲಿ ಕಡೆ ಕೊಟ್ಟಿದ್ದ ಮಗಳು, ಚೊಚ್ಚಲು. ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಆ ವಂಶದಲ್ಲಿ ಗೋಡೆಯ ಒಳಗೆ ಬಾಣಂತನ ಮಾಡಿಸಿಕೊಳ್ಳುವ ಮೊದಲ ಹೆಣ್ಣು ಅವಳಾಗಬೇಕಿತ್ತು. ಬಾಚಣಿಗೆಯವಳೇ ಇದನ್ನು ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಈಗ ಮಗಳು ಬಂದು ಮಂಡಿಯ ಬೇಲಿಗೆ ಒರಗಿ ಕೂರಬೇಕಾ?

"ನಿನ್ನ ಮಗಳನ್ನ ಎಲ್ಲಿ ಮಲಗಿಸ್ತೀಯೇ?" ಅಂತ ಕೇಳಿದೆ.

ಅವಳು ಬಗ್ಗಿ ಒಲೆ ಊದಿದಳು.

ನಮ್ಮ ಕಡೆಯೂ ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬೇರೆ ಕಡೆ ಇರುವವರಿದ್ದಾರೆ. ಶಾಂತಿ ಮಾಡಿಸಿ ಒಳಗೆ ಹೋಗುತ್ತಾರೆ. ಹಾಗಾಗಿ ನನಗೆ ಮೊದಲು ಹೊಳೆದಿದ್ದು ಶಾಂತಿ. ಊರಿನ ಪುರೋಹಿತರೊಬ್ಬರನ್ನು ಕೇಳಿದೆ. ಕಾಲೋನಿಗೆ ಬರುವುದಿಲ್ಲ ಅನ್ನುತ್ತಾರೇನೋ ಅಂದುಕೊಂಡಿದ್ದೆ, ಆ ಮನುಷ್ಯ ಸೈಕಲ್ ಹತ್ತಿ ಬಂದೇಬಿಟ್ಟರು.

"ಯಾವ ನಕ್ಷತ್ರದಲ್ಲಿ ಹೋದರಪ್ಪ?" ಅಂತ ಗಂಡನನ್ನು ಕೇಳಿದರು.

ಅವನು ತಲೆ ಕೆರೆದುಕೊಂಡ. "ಟೀ ಕುಡಿಯೋ ಹೊತ್ತು ಸ್ವಾಮಿ."

ಪುರೋಹಿತರು ನಕ್ಕು, ಪಂಚಾಂಗ ಮುಚ್ಚಿಟ್ಟು, ಮಾವಿನೆಲೆಯಲ್ಲಿ ನೀರು ಚಿಮುಕಿಸಿ ಶ್ರದ್ಧೆಯಿಂದಲೇ ಮಾಡಿದರು. ಆ ಸಂಸಾರ ಬೀದಿಯಲ್ಲಿ ನಿಂತು ಕೈ ಮುಗಿಯಿತು. ಹೊಸಿಲು ದಾಟಲಿಲ್ಲ. ಪ್ರಸಾದ ಕಣ್ಣಿಗೊತ್ತಿಕೊಂಡು ತಿಂದು, ಬಂದ ದಾರಿಯಲ್ಲೇ ಟಾರ್ಪಾಲಿಗೆ ಹೋದರು. ನಾನು ಹಿಂದೆಯೇ ಹೋಗಿ ಬೈದೆ.

"ಅಯ್ಯನೋರು ಒಳ್ಳೇವ್ರಮ್ಮಾ, ನಾನು ಇಲ್ಲ ಅಂದ್ನಾ?" ಅಂದಳು ಬಾಚಣಿಗೆಯವಳು. "ಆದ್ರೆ ಅವರ ಮಂತ್ರ ನಮ್ಮ ಮಾವನಿಗೆ ತಿಳೀಬೇಕಲ್ಲ? ಅವನಿಗೆ ಬೈಗುಳ ಬಿಟ್ರೆ ಬೇರೆ ಭಾಷೆ ಬರ್ತಿರಲಿಲ್ಲ."

ಎರಡನೆಯದು ಮನೆ ಬದಲಿ. ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆಗಳ ಹಿಂದಿನ ಕಾಲೋನಿಯಲ್ಲಿ ಒಂದು ಮನೆ ಖಾಲಿ ಇತ್ತು. ನಮ್ಮ ಮೇಡಂ, ಅಂದರೆ ಕೋಲಾರದ ಆಫೀಸಿನಲ್ಲಿ ನನಗೆ ಮೇಲಿನವರು, ಓಡಾಡಿ ಅದನ್ನು ಬದಲಿಗೆ ಕೊಡಿಸಲು ಒಪ್ಪಿಸಿದರು. ನಾನು ಬಾಚಣಿಗೆಯವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗೋಡೆ ಸವರಿದಳು, ನಲ್ಲಿ ತಿರುಗಿಸಿದಳು, "ಚೆನ್ನಾಗೈತೆ" ಅಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಳು. ಕೋಲಾರ ದಾಟಿದ ಮೇಲೆ ಬಾಯಿ ಬಿಟ್ಟಳು.

"ಅಮ್ಮಾ, ನಮ್ಮ ಕಡೆ ಹಳ್ಳೀಲಿ ಹೆಂಗಸ್ರು ತಲೆ ಬಾಚಿ, ಕೂದಲು ಸುತ್ತಿ, ಗೋಡೆ ಸಂದೀಲಿ ನನಗೆ ಅಂತ ಸಿಗಿಸಿಟ್ಟಿರ್ತಾರೆ. ಮಾಲೂರಲ್ಲಿ ನನಗೆ ಯಾರಿಡ್ತಾರೆ?"

"ರೂಢಿ ಆಗ್ತದೆ."

"ಆಗ್ಲಿ. ನಾಳೆ ಅಲ್ಲೊಬ್ರು ಸತ್ರೆ? ಅಲ್ಲಿಂದ ಎಲ್ಲಿಗಮ್ಮಾ ಹೋಗ್ಲಿ?"

ಅಲ್ಲಿಯವರೆಗೆ ನಾನು ಈ ಒಂದು ಮನೆಯ ಚಿಂತೆಯಲ್ಲಿದ್ದೆ. ಮನುಷ್ಯರು ಇದ್ದ ಕಡೆ ಸಾವು ಬಂದೇ ಬರುತ್ತದೆ. ಬಂದಾಗಲೆಲ್ಲ ಇವರು ಎದ್ದು ಹೊರಡುವುದಾದರೆ, ನಾಲ್ಕು ಊರಿನಲ್ಲಿ ನಾವು ಕೂರಿಸಿದ ಗುಡಾರದ ಜನ ಒಬ್ಬೊಬ್ಬರಾಗಿ ಬೀದಿಗೆ ಬೀಳುವವರೇ. ಮನೆಗಳು ಹೊಸವು, ಮುದುಕರು ಹಳಬರು. ಇದು ಮೊದಲನೆಯ ಸಾವು ಮಾತ್ರ.

ನಾನು ಹೆದರಿದ ಹಾಗೇ ಆಯಿತು. ಮುಂದಿನ ಸಲ ಕಾಲೋನಿಗೆ ಹೋದಾಗ ಪಕ್ಕದ ಮನೆಯವಳ ಒಲೆ ಅಂಗಳಕ್ಕೆ ಬಂದಿತ್ತು.

"ನಿನ್ನ ಮನೇಲಿ ಯಾರು ಸತ್ರೇ?" ಅಂದೆ.

"ಗೋಡೆ ಒಂದೇ ಅಲ್ವಾ ಅಮ್ಮಾ? ಮುದುಕ ಮಲಗಿದ್ದು ಅದೇ ಗೋಡೆಗೆ ತಲೆ ಇಟ್ಟು. ಅರ್ಧ ನಮ್ಮ ಕಡೆ ಸತ್ತಂಗೇ."

ಅವಳಿಗೆ ಬೈಯಲಿಲ್ಲ. ಬೈದು ಒಲೆ ಒಳಗಿಡಿಸಬಹುದು, ಮನುಷ್ಯರನ್ನು ಇಡಿಸಲಾಗುವುದಿಲ್ಲ. ನೇರವಾಗಿ ಬಸ್ ನಿಲ್ದಾಣಕ್ಕೆ ಹೋಗಿ ಮುಳಬಾಗಿಲಿನ ಬಸ್ ಹತ್ತಿದೆ.

ಮುಳಬಾಗಿಲಿನಲ್ಲಿ ಹೈವೇ ಪಕ್ಕದ ಕಾಲೋನಿಯಲ್ಲಿ ಇವರ ಜನದ ಹಿರಿಯನೊಬ್ಬನಿದ್ದಾನೆ. ಇವರಲ್ಲಿ ಮದುವೆ, ಜಗಳ, ಸಾವು, ಯಾವುದಕ್ಕೂ ಅವನ ಮಾತೇ ಕೊನೆ. ನನಗಿಂತ ದೊಡ್ಡವನು, ನನಗಿಂತ ಬಾಯಿ ಜೋರು. ಬೇವಿನ ಮರದ ಕೆಳಗೆ ಹಳೆ ಕೊಡೆಗಳನ್ನು ಬಿಚ್ಚಿ ಹರಡಿಕೊಂಡು ರಿಪೇರಿ ಮಾಡುತ್ತಿದ್ದ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ವಿಷಯ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು.

"ಮಾಡಿದ್ದು ಸರಿ ಅವರು" ಅಂದ.

"ತಪ್ಪು ಅಂತ ಹೇಳೋಕೆ ಬಂದಿಲ್ಲ ತಾತ. ಕೇಳೋಕೆ ಬಂದೆ. ಒಳಗೆ ಸತ್ರೆ ಗುಡಾರ ಯಾಕೆ ಕೀಳ್ತೀರಿ?"

"ಹೋದವನು ಒಂದು ಸಲ ವಾಪಸ್ ಬರ್ತಾನೆ. ಹಸಿವಿರ್ತದೆ. ಹೋದ ದಾರೀಲೇ ಬರ್ತಾನೆ. ದಾರಿ ಸಿಕ್ತು ಅಂದ್ರೆ ಒಳಗೆ ಕೂತ್ಕೊಂಡ್ಬಿಡ್ತಾನೆ. ಒಬ್ಬನೇ ಕೂರಕ್ಕೆ ಬೇಜಾರಾಗಿ ಇನ್ನೊಬ್ಬರನ್ನ ಕರೀತಾನೆ."

"ಗುಡಾರ ಸುಟ್ಟಾಕ್ತಿದ್ರಾ ಹಂಗಾದ್ರೆ?"

"ಸುಡೋಕೆ ಬಟ್ಟೆ ಏನು ನಿಮ್ಮಪ್ಪ ಕೊಡ್ತಿದ್ನಾ?" ಅಂದ ತಾತ. "ಗೂಟ ಕಿತ್ತು, ಬಾಯಿ ಬೇರೆ ದಿಕ್ಕಿಗೆ ಮಾಡಿ ಮತ್ತೆ ಹೊಡೀತಿದ್ವಿ. ಮೂಡಲಕ್ಕಿದ್ರೆ ಪಡುವಲಕ್ಕೆ."

"ಬೇರೆ ಊರಿಗೆ ಹೋಗ್ತಿರಲಿಲ್ವಾ?"

"ವ್ಯಾಪಾರ ಇರೋವಾಗ ಊರು ಯಾಕೆ ಬಿಡಾಣ? ಅಲ್ಲೇ, ಒಂದು ಮಾರು ಆಚೆಗೆ."

"ಅದೇ ಬಟ್ಟೆ, ಅದೇ ಗೂಟ?"

"ಅದೇ ಬಟ್ಟೆ, ಅದೇ ಗೂಟ. ಬಾಯಿ ಬೇರೆ."

ಅವನು ಕೊಡೆಯ ಕಡ್ಡಿಗೆ ದಾರ ಬಿಗಿಯುತ್ತಿದ್ದ. ಇಷ್ಟು ದಿನ ನಾನು ಕೇಳಿದ್ದು "ಯಾಕೆ ಬಿಟ್ಟಿರಿ" ಅಂತ. ಬಿಟ್ಟ ಮೇಲೆ ಇವರು ಹೇಗೆ ಮತ್ತೆ ಕೂರುತ್ತಿದ್ದರು ಅಂತ ಕೇಳಿರಲಿಲ್ಲ.

"ತಾತ, ಸಿಮೆಂಟ್ ಮನೆಗೆ ಬಾಯಿ ಬೇರೆ ಮಾಡಿದ್ರೆ?"

ದಾರ ಹಿಡಿದ ಕೈ ನಿಂತಿತು. "ಮಾಡೋರು ಯಾರು?"

"ಅದು ನನಗೆ ಬಿಡು. ಮಾಡಿದ್ರೆ ಒಪ್ತೀಯಾ?"

ಅವನು ಟೀ ತರಿಸಿದ. ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಕರಾರು ಹಾಕಿದ. ಹಳೆ ಬಾಗಿಲು ಆ ಮನೆಯಲ್ಲಿ ಇರಕೂಡದು, ಆ ಜಾಗ ಮುಚ್ಚಬೇಕು. ಹೊಸದು ಎದುರು ದಿಕ್ಕಿಗಿರಬೇಕು. ಮುಗಿಯುವವರೆಗೆ ಸತ್ತವನ ಮನೆಯವರು ಕೈ ಹಾಕಕೂಡದು, ಹೊರಗಿನವರು ಮಾಡಬೇಕು. ಒಳಗೆ ಮೊದಲು ಹೋಗಬೇಕಾದ್ದು ಬೆಂಕಿ.

"ಹಳೇ ಬಾಗಿಲ ಜಾಗಕ್ಕೆ ಕಿಟಕಿ ಇಡಬಹುದಾ? ಪೂರ್ತಿ ಮುಚ್ಚಿದ್ರೆ ಒಳಗೆ ಕತ್ತಲೆ."

"ಇಡು."

"ಕಿಟಕೀಲಿ ಬಂದ್ರೆ?"

"ಬರೋಕೆ ಅವನೇನು ಬೆಕ್ಕಾ?" ಅಂದ ತಾತ. "ಬದುಕಿದ್ದಾಗ ಎದ್ದು ನೀರು ಕುಡೀದೆ ಇದ್ದವನು ಸತ್ತ ಮೇಲೆ ಕಿಟಕಿ ಹತ್ತುತಾನಾ?"

ಕೋಲಾರದ ಆಫೀಸಿಗೆ ಹೋಗಿ ಹೇಳಿದಾಗ ಮೇಡಂ ಪೆನ್ನು ಕೆಳಗಿಟ್ಟರು. "ಅಲ್ಲಮ್ಮಾ, ಇಂಥ ನಂಬಿಕೆಗೆ ನಾವೇ ಗೋಡೆ ಒಡೆದು ಕೊಡೋದಾ?"

"ನಿಮ್ಮ ಮನೆ ಬಾಗಿಲು ಯಾವ ಕಡೆ ಐತೆ ಮೇಡಂ?"

"ಪೂರ್ವಕ್ಕೆ" ಅಂದು, ತಾವೇ ನಕ್ಕರು. ಒಳ್ಳೆಯ ಹೆಂಗಸು. ಆದರೆ ಅವರು ಇನ್ನೊಂದು ಮಾತು ಎತ್ತಿದರು. ಮನೆ ಕೊಟ್ಟ ಇಲಾಖೆಯ ಅಪ್ಪಣೆ ಇಲ್ಲದೆ ಗೋಡೆ ಮುಟ್ಟಬಾರದು. ಮುಟ್ಟಿದರೆ ಅದೇ ಇನ್ನೊಂದು ಕಾರಣವಾಗಿ ಮನೆ ರದ್ದಾಗಬಹುದು. ಇಬ್ಬರೂ ಇಲಾಖೆಯ ಎಂಜಿನಿಯರ್ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹುಡುಗಿ. ಪೂರ್ತಿ ಕೇಳಿಸಿಕೊಂಡು ಕಾಗದದ ಮೇಲೆ ಮನೆ ಬರೆದು ತೋರಿಸಿದಳು.

"ಹಿಂದಿನ ಗೋಡೇಲಿ ಕಿಟಕಿ ಇದೆಯಲ್ಲ, ಅದರ ಮೇಲೆ ಲಿಂಟಲ್ ಇದೆ. ಛಾವಣಿ ಭಾರ ಅದು ಹೊತ್ತಿದೆ. ಅದನ್ನು ಮುಟ್ಟದೆ ಕಿಟಕಿ ಕೆಳಗಿನ ಗೋಡೆ ಮಾತ್ರ ತೆಗೆದರೆ ಮನೆಗೆ ಏನೂ ಆಗಲ್ಲ. ಕೆಳಗೆ ಪಾಯದ ಮೇಲೆ ಪ್ಲಿಂತ್ ಬೀಮ್ ಬರುತ್ತೆ, ಅಲ್ಲಿಗೆ ನಿಲ್ಲಿಸಿ. ಆದರೆ ಬರವಣಿಗೇಲಿ ಅಪ್ಪಣೆ ಬೇಕು ಅಂದ್ರೆ ಮಳೆಗಾಲ ಕಳೆಯುತ್ತೆ ಅಮ್ಮಾ. ಅದು ನನ್ನ ಕೈಲಿಲ್ಲ."

"ತಪಾಸಣೆಗೆ ಬರೋ ಸಾಹೇಬ್ರು ಕೇಳಿದ್ರೆ?"

"ಕೇಳೇ ಕೇಳ್ತಾರೆ."

ಹೊರಗೆ ಬಂದು ಮೇಡಂ, ಅರ್ಜಿ ಕೊಟ್ಟು ಕಾಯೋಣ ಅಂದರು. ನಾನು ಲೆಕ್ಕ ಹಾಕಿದೆ. ಕಾದರೆ ತಪಾಸಣೆಯಲ್ಲಿ ಬೀಗ ಕಾಣುತ್ತದೆ, ಮನೆ ಹೋಗುವುದು ಖಂಡಿತ. ಒಡೆದರೆ ಹೋದರೂ ಹೋಗಬಹುದು, ಉಳಿದರೂ ಉಳಿಯಬಹುದು.

"ಅರ್ಜಿ ನೀವು ಕೊಡಿ. ನಾನು ಒಡೆಸ್ತೀನಿ" ಅಂದೆ. "ಕೇಳಿದ್ರೆ ಈ ಮುದುಕಿ ಹೇಳಿದ ಮಾತು ಕೇಳ್ಲಿಲ್ಲ ಅನ್ನಿ."

"ಕೆಲಸ ಹೋಗಬಹುದಮ್ಮಾ ನಿಮ್ಮದು."

"ಹೋಗ್ಲಿ. ಈ ವಯಸ್ಸಲ್ಲಿ ಬಡ್ತಿ ಏನಾದ್ರೂ ಕೊಡೋರಿದ್ರಾ?"

ಅವರು ಬೇಡ ಅನ್ನಲಿಲ್ಲ. ಅಷ್ಟು ಸಾಕಾಗಿತ್ತು ನನಗೆ.

ಗಾರೆ ಕೆಲಸಕ್ಕೆ ಶ್ರೀನಿವಾಸಪುರದ ಸಾಬರ ಮೇಸ್ತ್ರಿಯೊಬ್ಬನನ್ನು ಹಿಡಿದೆ. ಹಿಂದೆ ಅವನ ಕೈಕೆಳಗೆ ಬಾಂಡ್ಲಿ ಹೊತ್ತಿದ್ದೇನೆ, ಅವನ ಕೆಲಸ ಗೊತ್ತು. ಮನೆ ಸುತ್ತ ಒಂದು ಸುತ್ತು ಹಾಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ.

"ಅರೆ ಅಮ್ಮಾ, ಬಾಗಿಲು ಇಡು ಅಂದವರುಂಟು, ತೆಗಿ ಅಂದವರುಂಟು. ಮನೇನೇ ಉಲ್ಟಾ ಕೂರಿಸು ಅಂದವಳು ನೀನೊಬ್ಳೇ."

"ಆಗ್ತದಾ ಇಲ್ವಾ?"

"ಆಗದೆ ಏನು? ಕೆಲಸಕ್ಕೆ ಜನ ಎಲ್ಲಿ?"

"ನಾನಿದ್ದೀನಲ್ಲ."

ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ತೌಬಾ" ಅಂದ.

ಕಾಲೋನಿಯವರು ಯಾರೂ ಗೋಡೆ ಮುಟ್ಟುವುದಿಲ್ಲ ಅಂದಿದ್ದರು. ಮೇಸ್ತ್ರಿ, ಅವನ ತಮ್ಮ, ನಾನು, ಮೂವರೇ. ಮೊದಲು ಹಿಂದಿನ ಕಿಟಕಿಯನ್ನು ಚೌಕಟ್ಟಿನ ಸಮೇತ ಬಿಡಿಸಿದೆವು. ಎರಡೂ ತುದಿಯಿಂದ ಕೆಳಗೆ ನೆಟ್ಟಗೆ ದಾರ ಬಿಟ್ಟು ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಯ ಮೇಲೆ ಮೇಸ್ತ್ರಿ ಕಟ್ಟಿಂಗ್ ಮಿಷನ್ ಹಾಯಿಸಿದ. ಸುತ್ತಿಗೆಯಿಂದ ಶುರು ಮಾಡಿದರೆ ಬಿರುಕು ಬೇಕಾದ ಕಡೆ ನಿಲ್ಲುವುದಿಲ್ಲ, ಪಕ್ಕದ ಮನೆಯವರೆಗೂ ಓಡುತ್ತದೆ. ಗೆರೆ ಕತ್ತರಿಸಿದ ಮೇಲೆ ಉಳಿ ಹಿಡಿದು ಒಂದೊಂದೇ ಸಿಮೆಂಟ್ ಇಟ್ಟಿಗೆ ಸಡಿಲಿಸಿ ತೆಗೆದೆವು. ಉಳಿ ಹಿಡಿದವಳು ನಾನು. ಬೀಮ್ ಕಂಡ ತಕ್ಷಣ ನಿಲ್ಲಿಸಿದೆವು. ಅಲ್ಲಿಗೆ ಒಂದು ತೊಂದರೆ ಹೊರಬಿತ್ತು, ಬಚ್ಚಲಿನ ನೀರಿನ ಪೈಪು ಸರಿಯಾಗಿ ಹೊಸ ಹೊಸಿಲಿನ ಮುಂದೆಯೇ ಹಾದುಹೋಗಿತ್ತು. ಅದನ್ನು ಬಿಚ್ಚಿ ಗೋಡೆಯ ಮೂಲೆಗೆ ಸುತ್ತಿಸಿ ಹಾಕಲು ಒಂದು ಹೊತ್ತು ಹಿಡಿಯಿತು. ಹಿಂದೆ ನೆಲ ಇಳಿಜಾರು, ಮೆಟ್ಟಿಲು ಬೇಕಾಗಿತ್ತು. ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ, ಚಪ್ಪಡಿ ತಂದು ಜೋಡಿಸಿದೆವು. ಹೊಸ ಚೌಕಟ್ಟು ನಿಲ್ಲಿಸಿ ಮಟ್ಟಗೋಲು ಇಟ್ಟು ನೋಡಿ ಮೇಸ್ತ್ರಿ ಬೀಡಿ ಹಚ್ಚಿದ. ನನಗೆ ಕೈ ಗಂಟುಗಳೆಲ್ಲ ಊದಿಕೊಂಡಿದ್ದವು, ಆದರೂ ಮನಸ್ಸಿಗೆ ಹಿತವಾಗಿತ್ತು.

ಆಗಲೇ ಬೀದಿಯ ಕಡೆಯಿಂದ ಕಿರುಚಿದ್ದು ಕೇಳಿಸಿತು.

ಬಾಚಣಿಗೆಯವಳು ದೂರದಲ್ಲಿ ನಿಂತು ನೋಡುತ್ತಿದ್ದಳು. ಮುಂದಿನ ಹಳೆ ಬಾಗಿಲು ತೆರೆದಿತ್ತು, ಹಿಂದಿನ ಹೊಸ ಬಾಗಿಲೂ ತೆರೆದಿತ್ತು. ಬೀದಿಯಲ್ಲಿ ನಿಂತರೆ ಮನೆಯ ಮೂಲಕ ಆಚೆಯ ಹೊಂಗೆ ಮರ ಕಾಣುತ್ತಿತ್ತು.

"ಅಯ್ಯೋ ಅಮ್ಮೋ, ಎರಡು ಬಾಯಿ ಮಾಡಿದ್ರಲ್ಲಾ! ಇದು ಮನೆಯಾ, ರಸ್ತೆಯಾ? ಹಿಂಗ್ ಬಂದು ಹಂಗ್ ಹೋಗ್ತಾನೆ, ಹಂಗ್ ಬಂದು ಹಿಂಗ್ ಹೋಗ್ತಾನೆ!"

ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಯಾರೋ ಮುಳಬಾಗಿಲಿನ ತಾತನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಒಂದು ಬಾಯಿ ಮುಚ್ಚದೆ ಇನ್ನೊಂದು ತೆಗೆದ್ಯಾ?" ಅಂತ ಕೂಗಿದ. "ಗುಡಾರಕ್ಕೆ ಎರಡು ಬಾಯಿ ಎಲ್ಲಾದ್ರೂ ನೋಡಿದ್ದೀಯಾ?"

"ನೀನು ಹೇಳ್ಳಿಲ್ವಲ್ಲ ತಾತ."

"ಉಣ್ಣೋವಾಗ ಬಾಯಿಗೆ ಹಾಕೋ ಅಂತಾನೂ ಹೇಳ್ಬೇಕಾ? ಹೊತ್ತು ಮುಳುಗೋ ಮುಂಚೆ ಹಳೇದು ಮುಚ್ಚಿಸು. ಇಲ್ದಿದ್ರೆ ಆ ಮನೆ ಬಿಟ್ಟುಬಿಡು, ಮತ್ತೆ ನನ್ನನ್ನ ಕೇಳಬೇಡ."

ಮಧ್ಯಾಹ್ನ ಕಳೆದಿತ್ತು. ಮೇಲೆ ಮೋಡ ಕಟ್ಟುತ್ತಿತ್ತು. ಮೇಸ್ತ್ರಿ ಬೀಡಿ ಎಸೆದ. ಹಳೆ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಹೊರಗೆ ಹಾಕಿದೆವು. ಹೊಸ ಗೋಡೆ ಹಳೆಯದಕ್ಕೆ ಅಂಟಬೇಕಾದರೆ ಎರಡೂ ಪಕ್ಕದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಹಲ್ಲಿನ ಹಾಗೆ ಕೊರೆದು, ಆ ಸಂದಿಗೆ ಹೊಸ ಇಟ್ಟಿಗೆ ಕಚ್ಚಿಸಬೇಕು. ಅವಸರಕ್ಕೆ ಅದನ್ನು ಬಿಟ್ಟರೆ ನಾಳೆ ಕೈ ಇಟ್ಟರೆ ಬೀಳುತ್ತದೆ. ಮೇಸ್ತ್ರಿ ಬಿಡಲಿಲ್ಲ, ಕೊರೆದ. ಗಾರೆ ಗಟ್ಟಿಯಾಗಿ ಕಲಸಿದೆ, ನೀರು ಕಮ್ಮಿ ಹಾಕಿ. ಅವನು ಇಟ್ಟ ಹಾಗೇ ನಾನು ಕೈಗೆ ಕೊಡುತ್ತಾ ಹೋದೆ. ಕಿಟಕಿ ಕೂರುವ ಎತ್ತರಕ್ಕೆ ಬಂದು, ಹಿಂದಿನಿಂದ ಬಿಡಿಸಿದ್ದ ಕಿಟಕಿಯನ್ನೇ ಎತ್ತಿ ಕೂರಿಸಿ, ಸಂದಿಗೆಲ್ಲ ಗಾರೆ ತುಂಬಿದ್ದೆವು. ಮೊದಲ ಹನಿ ಬಿತ್ತು.

ಹಸಿ ಗೋಡೆಗೆ ಮಳೆ ಬಿದ್ದರೆ ಗಾರೆ ತೊಳೆದುಹೋಗುತ್ತದೆ. ಮುಚ್ಚಲು ನಮ್ಮಲ್ಲಿ ಇದ್ದದ್ದು ಖಾಲಿ ಸಿಮೆಂಟ್ ಚೀಲಗಳು. ಒಂದು ಕಡೆ ಹೊದಿಸಿದರೆ ಇನ್ನೊಂದು ಕಡೆ ಗಾಳಿಗೆ ಹಾರುತ್ತಿತ್ತು. ಮೇಸ್ತ್ರಿಯ ತಮ್ಮ ತನ್ನ ಅಂಗಿ ಬಿಚ್ಚಿ ಹಿಡಿದ. ಕಾಲೋನಿಯವರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರೇ ಹೊರತು ಒಬ್ಬರೂ ಹತ್ತಿರ ಬರಲಿಲ್ಲ.

"ಹೋಯ್ತು ಅಮ್ಮಾ, ಹೋಯ್ತು" ಅಂದ ಮೇಸ್ತ್ರಿ. ಕೆಳಗಿನ ಸಾಲಿನಿಂದ ಸಿಮೆಂಟಿನ ನೀರು ಇಳಿಯಲು ಶುರುವಾಗಿತ್ತು.

ತಲೆ ಎತ್ತಿ ನೋಡಿದೆ. ಬಾಚಣಿಗೆಯವಳು ಬೀದಿಯಲ್ಲಿ ಇರಲಿಲ್ಲ. ಹೋದಳು, ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಮಂಡಿಯ ಕಡೆಯಿಂದ ಗಂಡ ಹೆಂಡತಿ ಇಬ್ಬರೂ ಓಡಿ ಬಂದರು. ಅವನ ತಲೆಯ ಮೇಲೆ ಪಾತ್ರೆ, ಚಾಪೆ, ಹಿಂದೆ ಚಿಕ್ಕ ಮಗಳು. ಅವಳ ತಲೆಯ ಮೇಲೆ ಟಾರ್ಪಾಲು ಇತ್ತು. ಹಗ್ಗದ ಸಮೇತ ಬೇಲಿಯಿಂದ ಕಿತ್ತುಕೊಂಡು ಬಂದಿದ್ದಳು. ಗೋಡೆಯಿಂದ ಸ್ವಲ್ಪ ದೂರದಲ್ಲಿ ನಿಂತು, ಮುಟ್ಟದೆ, ನನ್ನ ಕಡೆ ಎಸೆದಳು.

"ಹೊದಿಸಮ್ಮಾ."

"ನೀವು?"

"ಹೊದಿಸು ಅಂದ್ನಲ್ಲ!"

ಹೊದಿಸಿ, ಮೇಲೆ ಕಲ್ಲು ಹೇರಿ, ಹಗ್ಗವನ್ನು ಕಿಟಕಿ ಸರಳಿಗೆ ಬಿಗಿದೆವು. ಗೋಡೆ ನಿಂತಿತು. ಟಾರ್ಪಾಲು ಗೋಡೆಗೆ ಬಂದ ಮೇಲೆ ಅವರ ತಲೆಯ ಮೇಲೆ ಏನೂ ಉಳಿದಿರಲಿಲ್ಲ. ಗಂಡ ಹೆಂಡತಿ, ಚಿಕ್ಕ ಮಗಳು, ಪಾತ್ರೆ, ಚಾಪೆ ಎಲ್ಲ ಮಳೆಯಲ್ಲಿ ನಿಂತಿದ್ದವು. ಪಕ್ಕದ ಮನೆಯವಳು ಸೂರಿನ ಕೆಳಗಿದ್ದ ತನ್ನ ಒಲೆಯಿಂದ ಮಣ್ಣಿನ ಹೆಂಚಿನಲ್ಲಿ ಕೆಂಡ ತುಂಬಿ, ಮೇಲೆ ತಟ್ಟೆ ಮುಚ್ಚಿ ತಂದು ಬಾಚಣಿಗೆಯವಳ ಕೈಗೆ ಕೊಟ್ಟಳು.

ಬಾಚಣಿಗೆಯವಳು ಮನೆಯ ಸುತ್ತ ಬಳಸಿ ಹಿಂದಕ್ಕೆ ಹೋದಳು. ಕಲ್ಲಿನ ಮೆಟ್ಟಿಲಿನ ಮುಂದೆ ನಿಂತಳು. ಹೆಂಚನ್ನು ಒಳಗಿಟ್ಟು ಮುಂದಕ್ಕೆ ತಳ್ಳಿ, ಆಮೇಲೆ ತಾನು ಕಾಲಿಟ್ಟಳು. ಒಳಗಿನಿಂದ ಕೂಗಿದಳು, "ಏನ್ರೋ ನೋಡ್ತಾ ನಿಂತಿದ್ದೀರಿ? ಚಾಪೆ ನೆನೀತದೆ, ಬನ್ರೋ!"

ಹಳೆ ಬಾಗಿಲನ್ನು ಮೇಸ್ತ್ರಿ ತನ್ನ ಮೇಕೆ ಕೊಟ್ಟಿಗೆಗೆ ಕೊಂಡುಹೋದ. "ನಮ್ಮ ಮೇಕೆಗೆ ಮುದುಕನ ಭಯ ಇಲ್ಲ" ಅಂದ. ನಾನು ಗೋಡೆ ಒಣಗದ ಹಾಗೆ ದಿನಾ ಹೋಗಿ ಗೋಣಿ ನೆನೆಸಿ ಹೊದಿಸಿ ಬರುತ್ತಿದ್ದೆ. ನಾನು ಹೋಗುವಷ್ಟರಲ್ಲಿ ಒಂದೊಂದು ದಿನ ಅವಳೇ ನೆನೆಸಿರುತ್ತಿದ್ದಳು. ಪಕ್ಕದ ಮನೆಯ ಒಲೆ ಒಳಗೆ ಹೋಯಿತು. ಮಗಳು ಬಂದಳು. ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾಯಿತು, ಹೆಣ್ಣು ಮಗು. ಆಟೋದಲ್ಲಿ ತಂದು ಹಿಂದಿನ ಬಾಗಿಲಿನಲ್ಲಿ ಆರತಿ ಎತ್ತಿ ಕರೆದುಕೊಂಡರು. ಆರತಿ ಎತ್ತುವವಳಿಗೆ ತಟ್ಟೆ ಹಿಡಿದು ರೂಢಿಯಿರಲಿಲ್ಲ, ಕುಂಕುಮದ ನೀರು ಅರ್ಧ ನನ್ನ ಸೀರೆಗೆ ಚೆಲ್ಲಿತು.

ಆ ಸಂಸಾರ ಇವತ್ತಿಗೂ ಆ ಮನೆಯಲ್ಲೇ ಇದೆ. ಆಮೇಲೆ ಮುಳಬಾಗಿಲಿನಲ್ಲಿ ಒಂದು, ಮಾಲೂರಿನಲ್ಲಿ ಒಂದು ಸಾವಾಯಿತು. ಎರಡು ಕಡೆಯೂ ಬಾಗಿಲು ತಿರುಗಿಸಿದೆವು, ಈ ಸಲ ಹಳೆಯದನ್ನು ಮೊದಲು ಮುಚ್ಚಿ. ಮೇಡಂ ಹಾಕಿದ ಅರ್ಜಿಗೆ ಅಪ್ಪಣೆಯೂ ಬಂತು. ಆ ಎಂಜಿನಿಯರ್ ಹುಡುಗಿ, ಮುಂದೆ ಕಟ್ಟುವ ಮನೆಗಳಲ್ಲಿ ಹಿಂದಿನ ಕಿಟಕಿಯನ್ನು ಬಾಗಿಲಿನಷ್ಟೇ ಅಗಲಕ್ಕೆ ಇಡಿಸುತ್ತಿದ್ದಾಳೆ ಅಂತ ಕೇಳಿದ್ದೇನೆ. ಒಂದು ಸಂಸಾರವೂ ಬೀದಿಗೆ ವಾಪಸ್ ಹೋಗಲಿಲ್ಲ. ಇದನ್ನು ಮಾಡಿಸಿದವಳು ನಾನು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಬದಲಿಗೆ ಬೇರೆ ಯಾರು ಹೇಳುತ್ತಾರೆ?

ಆದರೆ ತಪಾಸಣೆಯ ದಿನ ಅಪ್ಪಣೆ ಇನ್ನೂ ಬಂದಿರಲಿಲ್ಲ. ಅಧಿಕಾರಿ ಜೀಪಿನಿಂದ ಇಳಿದು ಮನೆ ಮನೆ ನೋಡುತ್ತಾ ಬಂದರು. ಮೇಡಂ ಅವರ ಹಿಂದೆ, ನಾನು ಮೇಡಂ ಹಿಂದೆ. ಈ ಮನೆಯ ಮುಂದೆ ನಿಂತರು. ಗೋಡೆಯ ಮೇಲೆ ಮನೆ ನಂಬರು ಇದೆ, ಪಕ್ಕದಲ್ಲಿ ಕಿಟಕಿ, ಕಿಟಕಿಯ ಸುತ್ತ ಬಣ್ಣ ಕಾಣದ ಹೊಸ ಗಾರೆ.

"ಇದೇನಿದು? ಈ ಮನೆಗೆ ಬಾಗಿಲೇ ಇಲ್ವಲ್ಲ?"

ಕಿಟಕಿಯಲ್ಲಿ ಬಾಚಣಿಗೆಯವಳ ಮುಖ ಬಂತು. "ಐತೆ ಸಾರ್. ಹಿಂದ್ಗಡೆ ಬನ್ನಿ."

ಅವರು ಬಳಸಿಕೊಂಡು ಬಂದರು. ಕಲ್ಲಿನ ಮೆಟ್ಟಿಲು, ಹೊಸ ಚೌಕಟ್ಟು, ಮೇಲೆ ಮಾವಿನೆಲೆಯ ತೋರಣ ಎಲ್ಲ ನೋಡಿದರು. ಮುಖ ಗಂಟಾಯಿತು.

"ಯಾರನ್ನು ಕೇಳಿ ಗೋಡೆ ಒಡೆದಿರಿ?"

ನಾನು ಹೇಳಲು ಮುಂದೆ ಹೆಜ್ಜೆ ಇಟ್ಟೆ. ಬಸ್ಸಿನಲ್ಲಿ ಬರುವಾಗ ಮಾತು ಜೋಡಿಸಿಕೊಂಡೇ ಬಂದಿದ್ದೆ. ಅಷ್ಟರಲ್ಲಿ ಬಾಚಣಿಗೆಯವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ಅಡ್ಡ ನಿಂತಳು.

"ನಾನಿರೋ ಮನೆ ಸಾರ್. ಇರೋಕೆ ಆಗೋ ಹಂಗೆ ಮಾಡ್ಕೊಂಡೆ" ಅಂದಳು. "ಒಳಗೆ ಬಂದು ನೋಡಿ. ನೋಡಿ ಆಮೇಲೆ ಏನು ಬರ್ಕೊಂತೀರೋ ಬರ್ಕೊಳ್ಳಿ. ಬಾಣಂತಿ ಮಲಗವಳೆ, ಕಾಲಿಂದು ಅಲ್ಲೇ ಬಿಟ್ಟು ಬನ್ನಿ."

ಅವರು ಅವಳನ್ನು ನೋಡಿದರು. ಅವಳು ಪಕ್ಕಕ್ಕೆ ಸರಿಯಲಿಲ್ಲ. ಒಳಗೆ ಮಗು ಕುಂಯ್ ಅಂತು. ಅಧಿಕಾರಿ ಕೈಯಲ್ಲಿದ್ದ ಕಾಗದಗಳನ್ನು ಮೇಡಂ ಕೈಗೆ ಕೊಟ್ಟು, ಕಲ್ಲಿನ ಮೆಟ್ಟಿಲ ಮೇಲೆ ಕೂತು, ಬೂಟಿನ ದಾರ ಬಿಚ್ಚತೊಡಗಿದರು.